ಬಾನೆಟ್ ಮುಚ್ಚಿ, ಟೈರು ನೋಡಿ

ಭಾನುವಾರ ಬೆಳಗಿನ ಕಾರು ಕೂಟಕ್ಕೆ ಒಂದು ಲ್ಯಾನ್ಸರ್ ಎವೊಲ್ಯೂಷನ್ ಬಂದು ನಿಂತಿತು ಅನ್ನಿ. ನಮ್ಮ ರಸಿಕರು ಮೊದಲು ಬಾನೆಟ್ ಎತ್ತಿಸುತ್ತಾರೆ. ಆಮೇಲೆ 'ಎಷ್ಟು ಬಿಎಚ್‌ಪಿ?' ಅದಾದ ಮೇಲೆ 'ಒಂದ್ಸಲ ರೇಸ್ ಮಾಡಿ ಸಾರ್!' ಸೈಲೆನ್ಸರ್ ಪಟಪಟ ಸಿಡಿದರೆ ಚಪ್ಪಾಳೆ, ಸೆಲ್ಫಿ, ದೋಸೆ. ಇಷ್ಟು ವರ್ಷಗಳಲ್ಲಿ ಒಬ್ಬರಾದರೂ ಬಗ್ಗಿ ಮುಂದಿನ ಟೈರಿನ ಅಂಚು ಸವರಿ ನೋಡಿದ್ದನ್ನು ನಾನು ಕಂಡಿಲ್ಲ. ಕೆಲವು ಸಲ ಎದುರಿಗಿರುವುದು ಎವೊ ಕೂಡ ಆಗಿರುವುದಿಲ್ಲ. ಮುಂಚಕ್ರಗಳಿಗಷ್ಟೇ ಚಾಲನೆಯುಳ್ಳ, ಟರ್ಬೊ ಇಲ್ಲದ ಸೀಡಿಯಾಕ್ಕೆ ಎವೊ ಬಂಪರ್ ತೊಡಿಸಿರುತ್ತಾರೆ. ಅದಕ್ಕೂ ಅಷ್ಟೇ ಚಪ್ಪಾಳೆ.

ಟರ್ಬೊ ಏನು ಮಾಡುತ್ತದೆ, ಡಿಫರೆನ್ಷಿಯಲ್ ಏಕೆ ಬೇಕು ಎಂದೆಲ್ಲ ಇಲ್ಲಿ ವಿವರಿಸುವುದಿಲ್ಲ. 1992ರಲ್ಲಿ ಹುಟ್ಟಿದ ಇಂಪ್ರೆಜಾ ಡಬ್ಲ್ಯುಆರ್‌ಎಕ್ಸ್ ಮತ್ತು ಎವೊ ರ‍್ಯಾಲಿಗಾಗಿಯೇ ಬಂದ ಕಾರುಗಳು. 1995ರಲ್ಲಿ ಕಾಲಿನ್ ಮೆಕ್‌ರೇ ಸುಬಾರುವಿನಲ್ಲಿ, 1996ರಿಂದ 1999ರವರೆಗೆ ಟಾಮಿ ಮ್ಯಾಕಿನೆನ್ ಮಿತ್ಸುಬಿಷಿಯಲ್ಲಿ ವಿಶ್ವ ಚಾಂಪಿಯನ್ ಆದರು. ಚರಿತ್ರೆ ಇಷ್ಟು ಸಾಕು.

ನನ್ನ ಕಣ್ಣು ತೆರೆದದ್ದು ಚೆನ್ನೈ ಬಳಿಯ ಇರುಂಗಾಟ್ಟುಕೋಟೈ ಟ್ರ್ಯಾಕಿನಲ್ಲಿ. ಬೆಂಗಳೂರಿನಿಂದ ರಾತ್ರಿಯೇ ಹೊರಟು ಬಂದ ಎರಡು ಎವೊಗಳಿದ್ದವು. ಒಂದಕ್ಕೆ ದೊಡ್ಡ ಟರ್ಬೊ, ನೆಲಕ್ಕೆ ತಾಗುವಷ್ಟು ಇಳಿಸಿದ ಸ್ಪ್ರಿಂಗು. ಇನ್ನೊಂದರ ಎಂಜಿನ್ ಕಂಪನಿಯಿಂದ ಬಂದಂತೆಯೇ ಇತ್ತು. ನೇರ ದಾರಿಯಲ್ಲಿ ಮೊದಲನೆಯದು ಹಾರಿಹೋಗುತ್ತಿತ್ತು, ಪ್ರತಿ ತಿರುವಿನಲ್ಲೂ ಎರಡನೆಯದು ಅದನ್ನು ಹಿಡಿಯುತ್ತಿತ್ತು. ಹತ್ತು ಲ್ಯಾಪಿನೊಳಗೆ ದೊಡ್ಡ ಟರ್ಬೊದವನ ಮುಂದಿನ ಟೈರಿನ ಹೊರಅಂಚು ಚಕ್ಕೆ ಚಕ್ಕೆಯಾಗಿ ಕಿತ್ತುಬಂದಿತ್ತು, ಒಳಅಂಚು ಅಂಗಡಿಯಿಂದ ತಂದಂತಿತ್ತು. ಗೆಳೆಯನೊಬ್ಬ ಪೈರೊಮೀಟರ್ ಚುಚ್ಚಿ ಒಳಗೆ, ನಡುವೆ, ಹೊರಗೆ ಎಂದು ಮೂರು ಕಡೆ ಶಾಖ ಅಳೆದು ತೋರಿಸಿದ. ಅರ್ಧ ಟೈರು ಕೆಲಸವನ್ನೇ ಮಾಡಿರಲಿಲ್ಲ. ಚಪ್ಪಲಿ ಹೊಲಿಯುವವರು ಸವೆದ ಅಟ್ಟೆ ನೋಡಿ ನಡಿಗೆ ಹೇಳುತ್ತಾರಲ್ಲ, ಹಾಗೆ ಈ ಕಾರುಗಳ ಇಡೀ ಜಾತಕ ಮುಂದಿನ ಟೈರಿನಲ್ಲಿದೆ.

ಏಕೆಂದರೆ ನಾಲ್ಕೂ ಚಕ್ರ ಎಳೆಯುವ ಕಾರಿನಲ್ಲಿ ಮುಂದಿನ ಜೋಡಿಗೆ ಮೂರು ಕೆಲಸ: ತಿರುಗಬೇಕು, ನಿಲ್ಲಿಸಬೇಕು, ಎಳೆಯಲೂಬೇಕು. ಮೇಲಾಗಿ ಎಂಜಿನ್ ಭಾರವೆಲ್ಲ ಅವುಗಳ ತಲೆಯ ಮೇಲೆ. ಸಾಲದ್ದಕ್ಕೆ ಎವೊ, ಇಂಪ್ರೆಜಾ ಎರಡರ ಮುಂದಿನ ಸಸ್ಪೆನ್ಷನ್ ಮ್ಯಾಕ್‌ಫರ್ಸನ್ ಸ್ಟ್ರಟ್. ತಿರುವಿನಲ್ಲಿ ಕಾರು ವಾಲಿದಾಗ ಹೊರಚಕ್ರವೂ ಜೊತೆಗೆ ವಾಲಿ, ಟೈರು ತನ್ನ ಹೊರಅಂಚಿನ ಮೇಲೆ ನಿಲ್ಲುತ್ತದೆ. ಮದ್ದು ನೆಗೆಟಿವ್ ಕ್ಯಾಂಬರ್, ಎಂದರೆ ಚಕ್ರದ ತಲೆಯನ್ನು ಮೊದಲೇ ಒಳಕ್ಕೆ ಬಾಗಿಸಿಡುವುದು. ರಸ್ತೆಗೂ ಟ್ರ್ಯಾಕಿಗೂ ಒಂದೇ ಕಾರಾದರೆ ಮುಂದೆ ಎರಡರಿಂದ ಎರಡೂವರೆ ಡಿಗ್ರಿ ಇಡಿ, ಟೋ ಸೊನ್ನೆಯ ಹತ್ತಿರವಿರಲಿ. 'ಒಳಅಂಚು ಸವೆಯುತ್ತೆ ಸಾರ್' ಎಂದು ಅಲೈನ್‌ಮೆಂಟ್ ಅಂಗಡಿಯವನು ಹೆದರಿಸುತ್ತಾನೆ, ಕಿವಿಗೊಡಬೇಡಿ. ಟೈರನ್ನು ಬೇಗ ತಿನ್ನುವುದು ಕ್ಯಾಂಬರ್‌ಗಿಂತ ಹೆಚ್ಚಾಗಿ ತಪ್ಪು ಟೋ.

ಇನ್ನು ಕಾರು ಇಳಿಸುವ ಚಾಳಿ. ಇದರಷ್ಟು ನನ್ನ ಪಿತ್ತ ಕೆರಳಿಸುವುದು ಬೇರೊಂದಿಲ್ಲ. ಸ್ಟ್ರಟ್ ಕಾರನ್ನು ವಿಪರೀತ ಇಳಿಸಿದರೆ ಕೆಳಗಿನ ಕಂಟ್ರೋಲ್ ಆರ್ಮಿನ ಹೊರತುದಿ ಮೇಲೆದ್ದು ಬಿಡುತ್ತದೆ. ಆಗ ರೋಲ್ ಸೆಂಟರ್ ಕಾರಿಗಿಂತ ವೇಗವಾಗಿ ಕೆಳಗೆ ಕುಸಿಯುತ್ತದೆ, ಅದಕ್ಕೂ ಗುರುತ್ವ ಕೇಂದ್ರಕ್ಕೂ ನಡುವಿನ ಅಂತರ ಬೆಳೆಯುತ್ತದೆ. ಕೆಳಗೆ ಕೂತ ಕಾರು ಮೊದಲಿಗಿಂತ ಹೆಚ್ಚು ವಾಲಲು ಹವಣಿಸುತ್ತದೆ. ಇನ್ನಷ್ಟು ತಗ್ಗಿದರೆ ಚಕ್ರ ಕ್ಯಾಂಬರ್ ಗಳಿಸುವ ಬದಲು ಕಳೆದುಕೊಳ್ಳುತ್ತದೆ. ದುಡ್ಡು ಕೊಟ್ಟು ಕಾರು ಕೆಡಿಸಿಕೊಳ್ಳುವುದು ಎಂದರೆ ಇದೇ. ಉದ್ದನೆಯ ಬಾಲ್ ಜಾಯಿಂಟ್ ಹಾಕಿ ಆರ್ಮಿನ ಕೋನ ಸರಿಪಡಿಸಿದವನನ್ನು ಕಂಡರೆ ಕೈ ಕುಲುಕಿ ಬನ್ನಿ, ಅವನು ಓದಿಕೊಂಡವನು.

ಜಪಾನಿನ ತ್ಸುಕುಬಾ ಸರ್ಕೀಟು 2.045 ಕಿಲೋಮೀಟರ್. 2007ರಲ್ಲಿ ಎಚ್‌ಕೆಎಸ್‌ನವರ ಎವೊ, ಸಿಟಿ230ಆರ್, ಅದನ್ನು 53.589 ಸೆಕೆಂಡಿನಲ್ಲಿ ಸುತ್ತಿತು. ಆ ವಿಡಿಯೊ ಹಾಕಿದರೆ ನಮ್ಮ ಹುಡುಗರು ನೇರ ದಾರಿಯಲ್ಲಿ ಕೇಳುವ ಎಂಜಿನ್ ಆರ್ಭಟಕ್ಕೆ ಕುಣಿಯುತ್ತಾರೆ. ನೀವು ಕೊನೆಯ ಉದ್ದನೆಯ ಬಲತಿರುವನ್ನು ನೋಡಿ. ಚಾಲಕನ ಕೈ ಗಮನಿಸಿ. ಒಮ್ಮೆ ತಿರುಗಿಸಿದ ಸ್ಟೀರಿಂಗನ್ನು ಅವನು ಮತ್ತೆ ಮತ್ತೆ ಒತ್ತಿ ಬೇಡುತ್ತಿಲ್ಲ, ಎಡ ಮುಂದಿನ ಟೈರು ಕೇಳಿದ್ದನ್ನು ಕೊಡುತ್ತಿದೆ. ಇದು ಕಾಣುವವರೆಗೆ ಆ ವಿಡಿಯೊ ನೋಡುತ್ತಲೇ ಇರಿ.

ಬ್ರೇಕಿನ ವಿಷಯ ಸರಳ. ವೇಗ ಎರಡು ಪಟ್ಟಾದರೆ ಅರಗಿಸಬೇಕಾದ ಶಕ್ತಿ ನಾಲ್ಕು ಪಟ್ಟು. ಡಾಟ್ 4 ದ್ರವ ಹೊಸದಿದ್ದಾಗ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್ ತಡೆಯಬೇಕು. ತೇವ ಹೀರಿದ ಮೇಲೆ ಆ ಮಿತಿ 155ಕ್ಕೆ ಇಳಿಯುತ್ತದೆ. ಆರು ಪಿಸ್ಟನ್ನಿನ ಕೆಂಪು ಕ್ಯಾಲಿಪರ್ ಕೊಳ್ಳುವ ಮೊದಲು ಹಳೆಯ ದ್ರವ ಬದಲಿಸಿ, ಟ್ರ್ಯಾಕಿಗೆ ತಕ್ಕ ಪ್ಯಾಡ್ ಹಾಕಿ.

ಎಂಜಿನ್ನಾ? ಎವೊ 9ರವರೆಗಿನ 4ಜಿ63ರ ಎರಕದ ಕಬ್ಬಿಣದ ಬ್ಲಾಕು ಗಟ್ಟಿ ಜೀವ. ಸುಬಾರು ಎಸ್‌ಟಿಐಯ 2.5 ಲೀಟರ್ ಬಾಕ್ಸರಿನ ಪಿಸ್ಟನ್‌ಗಳು ನಾಜೂಕು, ಟ್ಯೂನ್ ಮಾಡುವವನು ದುರಾಸೆಪಟ್ಟರೆ ಒಡೆಯುತ್ತವೆ. ಸುಬಾರುವಿನ ಗುಡುಗುಡು ಸದ್ದಿಗೆ ಮರುಳಾಗುವವರಿಗೆ ಒಂದು ಮಾತು: ಉದ್ದ ಹೆಚ್ಚುಕಡಿಮೆ ಇರುವ ಎಕ್ಸಾಸ್ಟ್ ಕೊಳವೆಗಳಿಂದ ಬರುವ ಸದ್ದು ಅದು, ಶಕ್ತಿಯ ಲಕ್ಷಣವಲ್ಲ. 'ಪಿಶ್ಶ್' ಎಂದು ಗಾಳಿಯನ್ನು ಹೊರಗೆ ಬಿಡುವ ಬ್ಲೋ-ಆಫ್ ವಾಲ್ವು ಇನ್ನೂ ಹಾಸ್ಯಾಸ್ಪದ. ಈ ಕಾರುಗಳಲ್ಲಿ ಗಾಳಿಯನ್ನು ಮೊದಲೇ ಅಳೆದು ಲೆಕ್ಕಕ್ಕೆ ಹಿಡಿದಿರುತ್ತದೆ. ಅಳೆದದ್ದನ್ನು ಹೊರಗೆ ಚೆಲ್ಲಿದರೆ ಎಂಜಿನ್ನಿಗೆ ಪೆಟ್ರೋಲು ಹೆಚ್ಚಾಗಿ ಒಂದು ಕ್ಷಣ ಉಸಿರುಗಟ್ಟುತ್ತದೆ. ಜನ ಅದಕ್ಕೂ ಹಣ ಕೊಡುತ್ತಾರೆ!

ನಮ್ಮಲ್ಲಿ ವಾಹನದ ಮಾರ್ಪಾಡಿಗೆ ಕಡಿವಾಣ ಹಾಕುವ ಮೋಟಾರು ವಾಹನ ಕಾಯ್ದೆಯ 52ನೇ ಕಲಮು ಇದೆ, ರಸ್ತೆಗಿಳಿಯುವ ಕಾರಿಗೆ ಕೈ ಹಾಕುವ ಮುನ್ನ ಓದಿಕೊಳ್ಳಿ.

ಮುಂದಿನ ಕೂಟದಲ್ಲಿ ಬಿಎಚ್‌ಪಿ ಕೇಳಬೇಡಿ, 'ಮುಂದೆ ಎಷ್ಟು ಕ್ಯಾಂಬರ್ ಇಟ್ಟಿದ್ದೀರಿ?' ಎಂದು ಕೇಳಿ. ಮಾಲೀಕ ತಟ್ಟನೆ ಉತ್ತರಿಸಿದರೆ ಅಲ್ಲೇ ನಿಂತು ಮಾತಾಡಿಸಿ. ಮೆಕ್ಯಾನಿಕ್ಕಿಗೆ ಫೋನು ಹಚ್ಚಿದರೆ ದೋಸೆ ತಣ್ಣಗಾಗುವ ಮೊದಲು ಹೋಗಿ ತಿನ್ನಿ.