ವಾಗ್ದಾನವೂ ವಿಶ್ವಾಸವೂ: ಲೂಥರನ ‘ಕ್ರೈಸ್ತನ ಸ್ವಾತಂತ್ರ್ಯ’ದ ಒಂದು ವಿವೇಚನೆ

ಮನುಷ್ಯನು ದೇವರ ಮುಂದೆ ನಿಲ್ಲುವುದು ತಾನು ಮಾಡಿದುದರ ಬಲದಿಂದಲೋ, ದೇವರು ಆಡಿದ ಮಾತಿನ ಬಲದಿಂದಲೋ ಎಂಬ ಪ್ರಶ್ನೆ ಹದಿನಾರನೆಯ ಶತಮಾನದ ಪಾಶ್ಚಾತ್ಯ ಕ್ರೈಸ್ತ ಜಗತ್ತನ್ನು ಇಬ್ಭಾಗವಾಗಿಸಿತು. ಇದಕ್ಕೆ ಮಾರ್ಟಿನ್ ಲೂಥರನು (1483–1546) ಕೊಟ್ಟ ಉತ್ತರ ಅವನ ಅನೇಕ ಗ್ರಂಥಗಳಲ್ಲಿ ಹರಡಿಕೊಂಡಿದೆ. ಆದರೆ 1520ರಲ್ಲಿ ಲ್ಯಾಟಿನ್ ಮತ್ತು ಜರ್ಮನ್ ಭಾಷೆಗಳೆರಡರಲ್ಲಿಯೂ ಪ್ರಕಟವಾದ ‘ಕ್ರೈಸ್ತನ ಸ್ವಾತಂತ್ರ್ಯ’ವೆಂಬ ಕಿರುಹೊತ್ತಗೆಯಲ್ಲಿ ಅದು ತಳೆದಿರುವ ಸಾಂದ್ರತೆ ಬೇರೆಡೆ ವಿರಳ. ಬಹಿಷ್ಕಾರದ ಬೆದರಿಕೆಯನ್ನೊಳಗೊಂಡ ಆಜ್ಞಾಪತ್ರ ಅದೇ ವರ್ಷದ ಜೂನ್‌ನಲ್ಲಿ ಹೊರಟಿತ್ತು. ಪೋಪ್ ಹತ್ತನೆಯ ಲಿಯೋಗೆ ಬರೆದ ಪತ್ರದೊಡನೆ ಹೊರಬಂದ ಈ ಕೃತಿ ಕಲಹದ ನಡುವೆ ಹುಟ್ಟಿದರೂ ಕಲಹದ ದನಿಯಲ್ಲಿ ಮಾತನಾಡುವುದಿಲ್ಲವೆಂಬುದು ಗಮನಾರ್ಹ.

ಕೃತಿಯ ಹಿನ್ನೆಲೆಯಲ್ಲಿ ಒಂದು ತೀವ್ರವಾದ ಆಂತರಿಕ ಸಂಕಟವಿದೆ. 1505ರಲ್ಲಿ ಎರ್ಫುರ್ಟಿನ ಅಗಸ್ಟೀನಿಯನ್ ಮಠವನ್ನು ಸೇರಿದ ಲೂಥರನು ಉಪವಾಸ, ಜಾಗರಣೆ, ಪಾಪನಿವೇದನೆಗಳನ್ನು ಕಟ್ಟುನಿಟ್ಟಾಗಿ ಆಚರಿಸಿದನು. ಆದರೆ ಮಾಡಿದುದು ಸಾಕಾಯಿತೆಂಬ ನೆಮ್ಮದಿ ಅವನಿಗೆ ದೊರೆಯಲಿಲ್ಲ. 1512ರಲ್ಲಿ ವಿಟೆನ್‌ಬೆರ್ಗಿನಲ್ಲಿ ಬೈಬಲ್ ಅಧ್ಯಾಪಕನಾದ ಮೇಲೆ, ಪೌಲನು ರೋಮಾಪುರದವರಿಗೆ ಬರೆದ ಪತ್ರದಲ್ಲಿನ ‘ದೇವರ ನೀತಿ’ ಎಂಬ ಪದವೇ ಅವನನ್ನು ಕಾಡಿತು. ಅದು ಪಾಪಿಯನ್ನು ದಂಡಿಸುವ ನೀತಿಯಲ್ಲ, ಪಾಪಿಗೆ ಉಚಿತವಾಗಿ ದೊರೆಯುವ ನೀತಿ ಎಂಬ ಅರ್ಥ ಹೊಳೆದಾಗ ತನಗೆ ಹೊಸ ಜನ್ಮವೇ ಬಂದಂತಾಯಿತೆಂದು ಅವನು 1545ರಲ್ಲಿ ಸ್ಮರಿಸಿಕೊಂಡಿದ್ದಾನೆ.

ಈ ತಿರುವು ಯಾವ ವರ್ಷದ್ದೆಂಬ ಬಗ್ಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲ. ಜರ್ಮನ್ ವಿದ್ವಾಂಸ ಓಸ್ವಾಲ್ಡ್ ಬಾಯರ್ 1971ರಲ್ಲಿ ಪ್ರಕಟಿಸಿದ ‘ಪ್ರೊಮಿಸ್ಸಿಯೋ’ ಎಂಬ ಗ್ರಂಥದಲ್ಲಿ ಇದನ್ನು 1518ರಷ್ಟು ಈಚಿನದೆಂದು ವಾದಿಸಿದರು. ‘ನಿನ್ನ ಪಾಪಗಳು ಕ್ಷಮಿಸಲ್ಪಟ್ಟಿವೆ’ ಎಂಬ ಗುರುವಿನ ಮಾತು, ಎಲ್ಲಿಯೋ ಆಗಿಹೋದ ಕ್ಷಮೆಯ ವರದಿಯಲ್ಲ. ಆಡಿದ ಕ್ಷಣದಲ್ಲಿಯೇ ಕ್ಷಮೆಯನ್ನು ಕೊಡುವ ವಾಗ್ದಾನ. ಲೂಥರನ ನಿಜವಾದ ಶೋಧ ಇದೇ ಎಂಬುದು ಬಾಯರರ ಪ್ರತಿಪಾದನೆ. ಕಾಲನಿರ್ಣಯದಲ್ಲಿ ಭಿನ್ನಾಭಿಪ್ರಾಯ ಸಾಧ್ಯವಾದರೂ, 1520ರ ಕೃತಿಯನ್ನು ಓದಲು ಇದಕ್ಕಿಂತ ಸಮರ್ಥವಾದ ಕೀಲಿಕೈ ಸಿಕ್ಕಲಾರದು.

ಕೃತಿಯ ಪೂರ್ವಾರ್ಧದಲ್ಲಿ ಲೂಥರನು ಶಾಸ್ತ್ರವಚನಗಳನ್ನು ಆಜ್ಞೆಗಳು, ವಾಗ್ದಾನಗಳು ಎಂದು ಎರಡಾಗಿ ವಿಂಗಡಿಸುತ್ತಾನೆ. ಆಜ್ಞೆಗಳು ಮಾಡಬೇಕಾದುದನ್ನು ತೋರಿಸುತ್ತವೆ, ಮಾಡುವ ಶಕ್ತಿಯನ್ನು ಕೊಡುವುದಿಲ್ಲ. ಮನುಷ್ಯನು ತನ್ನ ಅಶಕ್ತಿಯನ್ನು ಅರಿತು ತನ್ನಲ್ಲಿ ತಾನು ನಿರಾಶನಾಗುವುದಷ್ಟೇ ಅವುಗಳ ಪ್ರಯೋಜನ. ಆಜ್ಞೆ ಕೇಳುವುದನ್ನು ವಾಗ್ದಾನ ಕೊಡುತ್ತದೆ. ಅದನ್ನು ಸ್ವೀಕರಿಸುವ ಕೈಯೇ ವಿಶ್ವಾಸ. ಈ ವಿಶ್ವಾಸಕ್ಕೆ ಮೂರು ಶಕ್ತಿಗಳನ್ನು ಅವನು ಹೇಳುತ್ತಾನೆ. ಬೆಂಕಿಯೊಡನೆ ಕೂಡಿದ ಕಬ್ಬಿಣ ಬೆಂಕಿಯಂತೆಯೇ ಕೆಂಪೇರುವ ಹಾಗೆ, ವಾಕ್ಯದೊಡನೆ ಕೂಡಿದ ಆತ್ಮ ವಾಕ್ಯದ ಗುಣಗಳನ್ನು ಪಡೆಯುತ್ತದೆ. ಎರಡನೆಯದಾಗಿ, ವಿಶ್ವಾಸವು ದೇವರನ್ನು ಸತ್ಯವಂತನೆಂದು ಎಣಿಸುತ್ತದೆ. ಒಬ್ಬನ ಮಾತನ್ನು ನಂಬುವುದಕ್ಕಿಂತ ಮಿಗಿಲಾದ ಗೌರವವನ್ನು ಅವನಿಗೆ ಸಲ್ಲಿಸಲಾಗದು. ನಂಬದಿರುವುದಕ್ಕಿಂತ ಮಿಗಿಲಾದ ಅವಮಾನವೂ ಇಲ್ಲ. ಮೂರನೆಯದಾಗಿ, ವಿಶ್ವಾಸವು ಆತ್ಮವನ್ನು ಕ್ರಿಸ್ತನೊಡನೆ ವಧೂವರರಂತೆ ಬೆಸೆಯುತ್ತದೆ. ಆಗ ವಧುವಿನ ಪಾಪ ವರನದಾಗುತ್ತದೆ, ವರನ ನೀತಿ ವಧುವಿನದಾಗುತ್ತದೆ.

ಕನ್ನಡ ಬೈಬಲಿನಲ್ಲಿ ಈ ಕಲ್ಪನೆಗೆ ನಿಂತಿರುವ ‘ವಾಗ್ದಾನ’ ಎಂಬ ಮಾತು ಇಲ್ಲಿ ವಿಶೇಷ ಬೆಳಕನ್ನು ಬೀರುತ್ತದೆ. ವಾಕ್ಕೇ ದಾನವಾಗುವುದು ವಾಗ್ದಾನ. ಕನ್ಯೆಯನ್ನು ಕೊಡುವೆವೆಂದು ಮಾತು ಕೊಡುವ ವಿವಾಹಪೂರ್ವ ವಿಧಿಗೂ ಇದೇ ಹೆಸರು. ಒಪ್ಪಂದದಲ್ಲಿ ಇಬ್ಬರಿಗೂ ಹೊಣೆಯುಂಟು, ದಾನದಲ್ಲಿ ಕೊಡುವವನಿಗೆ ಮಾತ್ರ. ಲೂಥರನು ಹೇಳಹೊರಟ ತತ್ತ್ವವೂ, ಅದಕ್ಕೆ ಅವನು ಆರಿಸಿಕೊಂಡ ವಿವಾಹದ ಉಪಮೆಯೂ ಈ ಒಂದು ಪದದಲ್ಲಿ ಕೂಡಿಕೊಂಡಿವೆ.

ಆದರೆ ಇಲ್ಲಿಯೇ ಒಂದು ಕಠಿಣ ಆಕ್ಷೇಪ ತಲೆಯೆತ್ತುತ್ತದೆ. ನಂಬುವವನಿಗೆ ಮಾತ್ರ ವಾಗ್ದಾನ ಫಲಿಸುವುದಾದರೆ ನಂಬುವುದೂ ಒಂದು ಕ್ರಿಯೆಯೇ ಆಗಲಿಲ್ಲವೆ? ಉಪವಾಸ ಸಾಕಷ್ಟಾಯಿತೆ ಎಂದು ಅಂಜುತ್ತಿದ್ದವನು ಇನ್ನು ಮುಂದೆ ವಿಶ್ವಾಸ ಸಾಕಷ್ಟಿದೆಯೆ ಎಂದು ಅಂಜಬೇಕಲ್ಲವೆ? ಇದು ಕೇವಲ ತರ್ಕದ ಆಟವಲ್ಲ. ಅದೇ 1520ರಲ್ಲಿ ಬರೆದ ‘ಸತ್ಕ್ರಿಯೆಗಳನ್ನು ಕುರಿತು’ ಎಂಬ ಪ್ರಬಂಧದಲ್ಲಿ ಲೂಥರನೇ ವಿಶ್ವಾಸವನ್ನು ಸತ್ಕ್ರಿಯೆಗಳಲ್ಲಿ ಮೊದಲನೆಯದೆಂದು ಕರೆದಿದ್ದಾನೆ. 1518ರ ಅಕ್ಟೋಬರಿನಲ್ಲಿ ಔಗ್ಸ್‌ಬುರ್ಗಿನಲ್ಲಿ ಅವನನ್ನು ವಿಚಾರಿಸಿದ ಕಾರ್ಡಿನಲ್ ಕಯೆತಾನನು ಬೆರಳಿಟ್ಟು ತೋರಿಸಿದುದೂ ಈ ಎಡೆಯನ್ನೇ. ಕ್ಷಮೆ ದೊರೆಯಿತೆಂಬ ನಿಶ್ಚಯವನ್ನು ಪ್ರತಿಯೊಬ್ಬನಿಂದಲೂ ಕೇಳುವುದು ಹೊಸತೊಂದು ಸಭೆಯನ್ನೇ ಕಟ್ಟಿದಂತೆ ಎಂದು ಅವನು ಭಾವಿಸಿದನು. 1547ರ ಜನವರಿಯಲ್ಲಿ ಟ್ರೆಂಟ್ ಮಹಾಸಭೆಯು ಇಂತಹ ನಿಶ್ಚಯವನ್ನು ಬರಿಯ ಹಮ್ಮೆಂದು ತಳ್ಳಿಹಾಕಿತು.

ಲೂಥರನ ಪರವಾಗಿ ಹೇಳಬೇಕಾದುದು ಇಷ್ಟು: ಅವನಲ್ಲಿ ವಾಗ್ದಾನ ಮೊದಲು, ವಿಶ್ವಾಸ ಅನಂತರ. 1529ರ ದೊಡ್ಡ ಪ್ರಶ್ನೋತ್ತರಮಾಲೆಯಲ್ಲಿ ದೀಕ್ಷಾಸ್ನಾನವನ್ನು ಕುರಿತು ಬರೆಯುವಾಗ ಅವನು ಈ ಕ್ರಮವನ್ನು ನಿಚ್ಚಳವಾಗಿಸಿದ್ದಾನೆ. ವಿಶ್ವಾಸ ದೀಕ್ಷೆಯನ್ನು ಉಂಟುಮಾಡುವುದಿಲ್ಲ, ಸ್ವೀಕರಿಸುತ್ತದೆ. ಸಂಶಯಗ್ರಸ್ತನು ತನ್ನ ಹೃದಯವನ್ನು ಅಳೆಯಹೋಗದೆ, ಹೊರಗಿನಿಂದ ತನಗೆ ಕೊಟ್ಟ ಮಾತಿನ ಕಡೆಗೆ ನೋಡಬೇಕು. ಹಳ್ಳವನ್ನು ದಾಟುವವನನ್ನು ಎತ್ತಿಹಿಡಿಯುವುದು ಸೇತುವೆಯ ಬಲವೇ ಹೊರತು, ಸೇತುವೆಯ ಮೇಲೆ ಅವನಿಗಿರುವ ಧೈರ್ಯದ ಬಲವಲ್ಲ. ನಡುಗುತ್ತ ದಾಟಿದವನೂ ದಾಟಿದವನೇ. ಆದರೆ ಲೂಥರನು ಈ ಮಾತನ್ನು ಎಲ್ಲೆಡೆಯಲ್ಲಿಯೂ ಸಮಾನ ಸ್ಪಷ್ಟತೆಯಿಂದ ಹೇಳಿಲ್ಲ. ಅವನ ಅನುಯಾಯಿಗಳಲ್ಲಿ ಅನೇಕರು ಮತ್ತೆ ತಮ್ಮ ವಿಶ್ವಾಸದ ನಾಡಿಯನ್ನೇ ಹಿಡಿದು ನೋಡುತ್ತ ಕುಳಿತುದಕ್ಕೆ ಈ ಅಸ್ಪಷ್ಟತೆಯೂ ಒಂದು ಕಾರಣ.

ಸತ್ಕ್ರಿಯೆಗಳನ್ನು ಅವನು ಕಡೆಗಣಿಸಿದನೆಂಬ ಆರೋಪ ಮಾತ್ರ ಕೃತಿಯ ಉತ್ತರಾರ್ಧವನ್ನು ಓದಿದವರಲ್ಲಿ ನಿಲ್ಲಲಾರದು. ವಿಶ್ವಾಸದಿಂದ ಯಾರಿಗೂ ಅಧೀನನಲ್ಲದವನು ಪ್ರೀತಿಯಿಂದ ಎಲ್ಲರ ಸೇವಕನೆಂಬುದೇ ಅದರ ಸಾರ. ಫಲ ಮರವನ್ನು ಒಳ್ಳೆಯದಾಗಿಸುವುದಿಲ್ಲ. ಒಳ್ಳೆಯ ಮರ ಒಳ್ಳೆಯ ಫಲವನ್ನು ಬಿಡುತ್ತದೆ. ದೇವರಿಂದ ಗಳಿಸಬೇಕಾದುದು ಏನೂ ಉಳಿಯದಿದ್ದಾಗಲೇ ನೆರೆಯವನಿಗಾಗಿ ನಿರ್ವ್ಯಾಜವಾಗಿ ದುಡಿಯಲು ಸಾಧ್ಯ. ಅಲ್ಲಿಯವರೆಗೆ ನೆರೆಯವನು ತನ್ನ ಪುಣ್ಯದ ಏಣಿಯ ಮೆಟ್ಟಿಲು ಮಾತ್ರ. ಕೃತಿಯ ಅತ್ಯಂತ ಮೌಲಿಕವಾದ ವಿಚಾರ ಇದೇ ಎಂದರೆ ಅತಿಶಯೋಕ್ತಿಯಾಗಲಾರದು.

ಈ ಅಳತೆಗೋಲಿನಿಂದಲೇ ಅದರ ಕರ್ತೃವನ್ನೂ ಅಳೆಯಬೇಕಾಗುತ್ತದೆ. 1525ರಲ್ಲಿ ಜರ್ಮನಿಯ ರೈತರು ಕ್ರಿಸ್ತನ ವಿಮೋಚನೆಯ ಹೆಸರಿನಲ್ಲಿಯೇ ಜೀತದಿಂದ ಬಿಡುಗಡೆಯನ್ನು ಕೇಳಿದಾಗ, ಲೂಥರನು ಕ್ರೈಸ್ತ ಸ್ವಾತಂತ್ರ್ಯ ಆಂತರಿಕವೆಂದು ಅವರ ಕೋರಿಕೆಯನ್ನು ನಿರಾಕರಿಸಿದನು; ದಂಗೆ ಹಬ್ಬಿದ ಮೇಲೆ ಅವರನ್ನು ಕೊಲ್ಲಲು ಅರಸರಿಗೆ ಕರೆಯಿತ್ತನು. 1543ರಲ್ಲಿ ಯೆಹೂದ್ಯರ ಪ್ರಾರ್ಥನಾಮಂದಿರಗಳನ್ನು ಸುಡಬೇಕೆಂದು ಬರೆದನು. ವಾಗ್ದಾನವನ್ನು ನಂಬಿದವರಲ್ಲಿ ಅಬ್ರಹಾಮನನ್ನೇ ಆದರ್ಶವಾಗಿ ಎತ್ತಿಹಿಡಿದವನು, ಆ ಅಬ್ರಹಾಮನ ಸಂತತಿಯನ್ನೇ ವಾಗ್ದಾನದಿಂದ ಹೊರಗಟ್ಟಿದನು. ದೇವರು ತಾನಿತ್ತ ವರಗಳನ್ನು ಹಿಂತೆಗೆದುಕೊಳ್ಳುವುದಿಲ್ಲವೆಂಬ ಪೌಲನ ಬೋಧೆ ಅವನು ಹಲವು ಬಾರಿ ಓದಿದ ಪತ್ರದಲ್ಲಿಯೇ ಇತ್ತು. ಇದು ಅವನ ಸ್ವಭಾವದ ಕುಂದು ಮಾತ್ರವಲ್ಲ, ಅವನ ಸಿದ್ಧಾಂತದ ಮರ್ಮಕ್ಕೇ ತಾಗುವ ಕುಂದು. ಲೂಥರನ್ ವಿಶ್ವ ಒಕ್ಕೂಟವು 1984ರಲ್ಲಿ ಬುಡಾಪೆಸ್ಟಿನ ಸಮ್ಮೇಳನದಲ್ಲಿ ಈ ಬರಹಗಳಿಂದ ದೂರ ಸರಿದುದು ತಡವಾದರೂ ಉಚಿತವಾದ ನಡೆ.

1999ರ ಅಕ್ಟೋಬರ್ 31ರಂದು ಅದೇ ಔಗ್ಸ್‌ಬುರ್ಗಿನಲ್ಲಿ ಆ ಒಕ್ಕೂಟವೂ ಕ್ಯಾಥೊಲಿಕ್ ಸಭೆಯೂ ನೀತಿನಿರ್ಣಯದ ಬಗೆಗಿನ ಜಂಟಿ ಘೋಷಣೆಗೆ ಸಹಿ ಹಾಕಿದವು. ಅಲ್ಲಿ ವಿವರಿಸಲಾದ ಬೋಧನೆಗೆ ಹದಿನಾರನೆಯ ಶತಮಾನದ ಪರಸ್ಪರ ಖಂಡನೆಗಳು ಅನ್ವಯಿಸುವುದಿಲ್ಲವೆಂದು ಎರಡೂ ಪಕ್ಷಗಳು ಒಪ್ಪಿದವು. ವಿವರಣೆಯ ಭೇದಗಳು ಉಳಿದೇ ಉಳಿದವು. ಒಂದು ಗ್ರಂಥದ ಬೆಲೆ ಅದರ ಕರ್ತೃವಿನ ಬಾಳಿನಿಂದ ತೀರಿಹೋಗುವುದಿಲ್ಲ. ಕೊಟ್ಟ ಮಾತಿನ ಮೇಲೆ ಭಾರ ಹಾಕಿ ನಿಂತವನು ಆ ಮಾತು ತನ್ನೊಬ್ಬನಿಗೇ ಮೀಸಲೆಂದು ಎಣಿಸಿದ ಕ್ಷಣವೇ ದಾನವನ್ನು ಸೊತ್ತಾಗಿಸಿಕೊಳ್ಳುತ್ತಾನೆ. ‘ಕ್ರೈಸ್ತನ ಸ್ವಾತಂತ್ರ್ಯ’ ಕಲಿಸುವ ಪಾಠ ಇದು. ಅದರ ಕರ್ತೃ ಪೂರ್ತಿಯಾಗಿ ಕಲಿಯದೆ ಬಿಟ್ಟ ಪಾಠವೂ ಇದೇ.