ಎಲೆ ಯಾವುದು, ಕವಲು ಯಾವುದು: ಭಾಷಾವೃಕ್ಷಗಳ ಸಮತೋಲನ ಸೂಚ್ಯಂಕಗಳ ಕುರಿತು

ಜೀವವಿಜ್ಞಾನದಿಂದ ಭಾಷಾವಂಶಗಳ ಅಧ್ಯಯನಕ್ಕೆ ಬಂದ ಪರಿಕರಗಳಲ್ಲಿ ಸಮತೋಲನ ಸೂಚ್ಯಂಕಗಳು ನೋಡಲು ಅತ್ಯಂತ ನಿರುಪದ್ರವಿಗಳು. ಸ್ಯಾಕಿನ್ ಸೂಚ್ಯಂಕವು (1972) ಬೇರಿನಿಂದ ಪ್ರತಿಯೊಂದು ಎಲೆಗೆ ಇರುವ ಮೆಟ್ಟಿಲುಗಳನ್ನು ಕೂಡಿಸುತ್ತದೆ. ಕಾಲೆಸ್ ಸೂಚ್ಯಂಕವು (1982) ಪ್ರತಿ ಕವಲಿನ ಎರಡು ಪಕ್ಕಗಳಲ್ಲಿರುವ ಎಲೆಗಳ ಸಂಖ್ಯೆಯ ಅಂತರವನ್ನು ಕೂಡಿಸುತ್ತದೆ. ಪ್ರತಿ ಹಂತದಲ್ಲೂ ಒಂದೊಂದೇ ಭಾಷೆ ಬೇರ್ಪಡುವ 'ಕಂಬಳಿಹುಳು' ವೃಕ್ಷದಲ್ಲಿ ಎರಡೂ ಗರಿಷ್ಠವಾಗುತ್ತವೆ. ದೊರೆತ ಬೆಲೆಯು ಯೂಲ್ ಮಾದರಿಯ (1925) ನಿರೀಕ್ಷೆಯನ್ನು ಬಹುವಾಗಿ ಮೀರಿದರೆ, ಕೆಲವು ಶಾಖೆಗಳು ಉಳಿದವಕ್ಕಿಂತ ವೇಗವಾಗಿ ಕವಲೊಡೆದಿವೆ ಎಂದು ತೀರ್ಮಾನಿಸುವುದು ವಾಡಿಕೆ. ನನ್ನ ಆಕ್ಷೇಪ ಈ ತೀರ್ಮಾನಕ್ಕೆ ಸಂಬಂಧಿಸಿದ್ದು.

ದಕ್ಷಿಣ ದ್ರಾವಿಡದ ಪರಿಚಿತ ಚಿತ್ರವೊಂದನ್ನು ತೆಗೆದುಕೊಳ್ಳೋಣ: ಮೊದಲು ತುಳು, ಅನಂತರ ಕನ್ನಡ ಬೇರ್ಪಡುತ್ತವೆ, ಉಳಿದುದು ತೊದ-ಕೋತ ಜೋಡಿಯಾಗಿಯೂ ಕೊಡವ-ತಮಿಳು-ಮಲಯಾಳಂ ಗುಂಪಾಗಿಯೂ ಒಡೆಯುತ್ತದೆ. (ತುಳುವಿನ ಸ್ಥಾನವೇ ವಿವಾದಿತವೆಂಬುದನ್ನು ಸದ್ಯಕ್ಕೆ ಬದಿಗಿಡುತ್ತೇನೆ.) ಏಳು ಎಲೆಗಳ ಈ ವೃಕ್ಷದ ಕಾಲೆಸ್ ಬೆಲೆ 5+4+1+1, ಅಂದರೆ 11; ಗರಿಷ್ಠ 15. ಪದಪಟ್ಟಿ ಸಿಗಲಿಲ್ಲವೆಂದು ಕೋತವನ್ನು ಕೈಬಿಟ್ಟರೆ ವೃಕ್ಷವು ಶುದ್ಧ ಕಂಬಳಿಹುಳುವಾಗಿ ಗರಿಷ್ಠವಾದ 10ನ್ನೇ ಮುಟ್ಟುತ್ತದೆ. ಬದಲಾಗಿ ಏಳಕ್ಕೆ ನೀಲಗಿರಿಯ ಬಡಗವನ್ನು ಕನ್ನಡದ ಜೊತೆಗಾರನಾಗಿ ಸೇರಿಸಿದರೆ ಬೆಲೆ 11ರಲ್ಲೇ ನಿಂತು, ಗರಿಷ್ಠವು 21ಕ್ಕೇರುತ್ತದೆ. ಎಲೆಗಳ ಸಂಖ್ಯೆಗೆ ತಕ್ಕಂತೆ ಸರಿಹೊಂದಿಸಿದರೆ ದೋಷ ನೀಗುತ್ತದೆ ಎನ್ನುವವರಿದ್ದಾರೆ. ನೀಗುವುದಿಲ್ಲ. ಯೂಲ್ ನಿರೀಕ್ಷೆಯೊಡನೆ ಹೋಲಿಸಿದಾಗ ಈ ಮೂರು ವೃಕ್ಷಗಳ ಅನುಪಾತ ಕ್ರಮವಾಗಿ (ಆರು, ಏಳು, ಎಂಟು ಎಲೆಗಳಿಗೆ) 2, 1.61 ಮತ್ತು 1.27. ಇತಿಹಾಸ ಒಂದೇ, ಬದಲಾದದ್ದು ಬಡಗವು ಭಾಷೆಯೋ ಉಪಭಾಷೆಯೋ ಎಂಬ ನಮ್ಮ ನಿಲುವು ಮತ್ತು ಕೋತದ ಸಾಮಗ್ರಿಯ ಲಭ್ಯತೆ. ಜೀವಪ್ರಭೇದಗಳ ಎಣಿಕೆಯಲ್ಲೂ ತಕರಾರುಗಳಿವೆ, ನಿಜ. ಆದರೆ ಭಾಷೆ-ಉಪಭಾಷೆಗಳ ಗೆರೆಯನ್ನು ಎಳೆಯುವಲ್ಲಿ ಲಿಪಿ, ಆಡಳಿತ, ಸಮುದಾಯದ ಸ್ವಾಭಿಮಾನಗಳೂ ಪಾಲುಗೊಳ್ಳುತ್ತವೆ. ಅವುಗಳನ್ನು ಯಾದೃಚ್ಛಿಕ ದೋಷವೆಂದು ಕಡೆಗಣಿಸಲಾಗದು.

ಕಾಲೆಸ್ ಸೂಚ್ಯಂಕವು ದ್ವಿಕವಲು ವೃಕ್ಷಗಳಿಗೆ ಮಾತ್ರ ವ್ಯಾಖ್ಯಾನಿತವಾದುದೆಂಬುದು ಇನ್ನೊಂದು ತೊಡಕು. ಮೂಲ ದ್ರಾವಿಡದಿಂದ ಎರಡಕ್ಕಿಂತ ಹೆಚ್ಚು ಶಾಖೆಗಳು ಒಟ್ಟಿಗೆ ಹೊರಡುವ ವರ್ಗೀಕರಣವನ್ನು ಬಲವಂತವಾಗಿ ಇಬ್ಭಾಗಿಸಿದಾಗ ದೊರೆಯುವ ಅಂಕಿಯು ಇಬ್ಭಾಗಿಸಿದವರದು.

2018ರಲ್ಲಿ ಪ್ರಕಟವಾದ, 20 ದ್ರಾವಿಡ ಭಾಷೆಗಳ ಬೇಯ್ಸಿಯನ್ ಅಧ್ಯಯನದಂಥ ಕೆಲಸಗಳು ಒಂದೇ ವೃಕ್ಷದ ಬದಲು ಸಾವಿರಾರು ಸಂಭಾವ್ಯ ವೃಕ್ಷಗಳನ್ನು ಒದಗಿಸುತ್ತವೆ. ಪ್ರತಿಯೊಂದರ ಮೇಲೂ ಸೂಚ್ಯಂಕವನ್ನು ಲೆಕ್ಕಹಾಕಿದರೆ ಕವಲುಗಳ ಅನಿಶ್ಚಿತತೆ ಅಂಕಿಯಲ್ಲಿ ಕಾಣಿಸಿಕೊಳ್ಳುತ್ತದೆ, ಇದು ಸ್ವಾಗತಾರ್ಹ. ಆದರೆ ಆ ಎಲ್ಲ ವೃಕ್ಷಗಳಲ್ಲೂ ಇರುವುದು ಅದೇ 20 ಎಲೆಗಳು. ಆದ್ದರಿಂದ ಎಲೆಪಟ್ಟಿಯನ್ನು ಹಿಗ್ಗಿಸಿಯೂ ಕುಗ್ಗಿಸಿಯೂ ಪಡೆದ ಬೆಲೆಗಳನ್ನು ಒಟ್ಟಿಗೆ ವರದಿ ಮಾಡದ ಹೊರತು, ಅಸಮತೋಲನದಿಂದ ಕವಲೊಡೆಯುವ ವೇಗಕ್ಕೆ ಜಿಗಿಯುವ ವಾದವನ್ನು ನಾನು ಒಪ್ಪಲಾರೆ.