ಮೊಟ್ಟೆ ನೆನೆಹಾಕುವ ಮುನ್ನ

ಜಾಂಜಿಬಾರ್ ದ್ವೀಪದಲ್ಲಿ ಮಳೆಗಾಲಕ್ಕೆ ತುಂಬಿ ಬೇಸಿಗೆಗೆ ಬತ್ತುವ ಹೊಂಡಗಳಿವೆ. ನೋಥೋಬ್ರಾಂಕಿಯಸ್ ಗುಂಥೇರಿ (ಚಿಕ್ಕದಾಗಿ ನೋಥೋ) ಎಂಬ ಪುಟ್ಟ ಕಿಲ್ಲಿ ಮೀನು ಹುಟ್ಟಿ, ಬೆಳೆದು, ಮೊಟ್ಟೆಯಿಟ್ಟು ಸಾಯುವುದು ಅವುಗಳಲ್ಲೇ. ನೀರು ಆರಿದ ಮೇಲೆ ಒಂದು ಮೀನೂ ಉಳಿಯುವುದಿಲ್ಲ. ಕೆಸರಿನಲ್ಲಿ ಹುದುಗಿದ ಮೊಟ್ಟೆಗಳು ಮಾತ್ರ ಮುಂದಿನ ಮಳೆಗೆ ಕಾಯುತ್ತವೆ.

ಈ ಮೀನನ್ನು ಮನೆಯಲ್ಲಿ ಮರಿ ಮಾಡಿಸುವವರು ಮಳೆ, ಬೇಸಿಗೆ ಎರಡನ್ನೂ ತಾವೇ ತಂದುಕೊಡಬೇಕು. ಗಂಡಿಗೆ ಅಚ್ಚ ಕೆಂಪು ಬಾಲ, ಅಂಚಿಗೆ ಕಪ್ಪು ಗೆರೆ. ಹೆಣ್ಣು ಮಾಸಲು ಬಣ್ಣದ್ದು. ಒಂದು ಗಂಡಿಗೆ ಎರಡು ಮೂರು ಹೆಣ್ಣು ಬಿಟ್ಟು, ಚೆನ್ನಾಗಿ ಕುದಿಸಿ ತೊಳೆದ ತೆಂಗಿನ ನಾರಿನ ಪುಡಿಯನ್ನು ಡಬ್ಬದಲ್ಲಿ ತುಂಬಿ ಟ್ಯಾಂಕಿನ ತಳದಲ್ಲಿಟ್ಟರೆ ಸಾಕು. ಗಂಡು ಹೆಣ್ಣನ್ನು ರೆಕ್ಕೆಯಿಂದ ಒತ್ತಿ ಹಿಡಿದು ಪುಡಿಯೊಳಗೆ ಮೊಟ್ಟೆ ಇಡಿಸುತ್ತದೆ. ವಾರಕ್ಕೊಮ್ಮೆ ಪುಡಿಯನ್ನು ತೆಗೆದು ಹಿಂಡಿ, ಹರಡಿ ಆರಿಸಬೇಕು. ಮುಟ್ಟಿದರೆ ತಂಪು ತಾಕಬೇಕು, ಹಿಂಡಿದರೆ ಹನಿ ಉದುರಬಾರದು. ಆಮೇಲೆ ತಾರೀಕು ಬರೆದ ಪ್ಲಾಸ್ಟಿಕ್ ಚೀಲದಲ್ಲಿ, ಸುಮಾರು 25 ಡಿಗ್ರಿ ಶಾಖದಲ್ಲಿ, ಮೂರು ತಿಂಗಳು.

ತಾರೀಕಿಗಿಂತ ಮೊಟ್ಟೆಯನ್ನು ನಂಬುವುದು ಒಳ್ಳೆಯದು. ಭೂತಗನ್ನಡಿ ಹಿಡಿದು ನೋಡಿದರೆ ಬಲಿತ ಮೊಟ್ಟೆಯೊಳಗೆ ಮರಿಯ ಕಣ್ಣು ಎದ್ದು ಕಾಣುತ್ತದೆ, ಅದರ ಸುತ್ತ ಹೊಂಬಣ್ಣದ ಬಳೆ. ಆಗ ಪುಡಿಯ ಮೇಲೆ ಕೆಲವೇ ಸೆಂಟಿಮೀಟರ್ ಆಳಕ್ಕೆ ತಣ್ಣನೆಯ ನೀರು ಹಾಕಿದರೆ ಗಂಟೆಗಳೊಳಗೆ ಮರಿಗಳು ಹೊರಬೀಳುತ್ತವೆ. ಅವಸರಪಟ್ಟು ನೆನೆಹಾಕಿದರೆ ಗಾಳಿಚೀಲ ತುಂಬದ ಮರಿಗಳು ಹುಟ್ಟಿ, ಈಜಲಾರದೆ ತಳದಲ್ಲೇ ತೆವಳುತ್ತವೆ.

ಮೊಟ್ಟೆಯ ಬಗ್ಗೆ ಇಷ್ಟೆಲ್ಲ ಓದಿಕೊಂಡವರೂ ಮರಿಯ ಊಟವನ್ನು ಮರೆಯುವುದುಂಟು. ಹುಟ್ಟಿದ ಮರಿ ಅಲುಗಾಡುವುದನ್ನೇ ಬೇಟೆಯಾಡುತ್ತದೆ. ಪುಡಿ ಆಹಾರವನ್ನು ನೆಚ್ಚಿಕೊಂಡು ನೋಥೋ ಮೊಟ್ಟೆ ನೆನೆಹಾಕುವುದು ಸರಿಯಲ್ಲ. ಮರಿಗೆ ಆರ್ಟೀಮಿಯಾಕ್ಕಿಂತ ಒಳ್ಳೆಯ ಆಹಾರವಿಲ್ಲ. ಅಮೆರಿಕದ ಯೂಟಾದ ಗ್ರೇಟ್ ಸಾಲ್ಟ್ ಲೇಕ್‌ನಂಥ ಉಪ್ಪುನೀರಿನ ಸರೋವರಗಳ ಈ ಸೀಗಡಿ ಜಾತಿಯ ಜೀವಿಯದೂ ಒಣಗಿ ಮಲಗುವ ಮೊಟ್ಟೆಯೇ. ಬರಗಾಲ ದಾಟಲು ಮೀನು ಕಂಡುಕೊಂಡ ದಾರಿಯನ್ನೇ ಅದರ ಊಟವೂ ಕಂಡುಕೊಂಡಿದೆ! ಲೀಟರಿಗೆ 25 ಗ್ರಾಂ ಉಪ್ಪು ಬೆರೆಸಿ, ಗಾಳಿ ಪಂಪು ಹಚ್ಚಿ, 28 ಡಿಗ್ರಿಯಲ್ಲಿ ಬೆಳಕಿಗಿಟ್ಟರೆ ಹೆಚ್ಚುಕಡಿಮೆ ಒಂದು ದಿನದಲ್ಲಿ ಒಡೆಯುತ್ತದೆ. ಹಾಗಾಗಿ ಕಿಲ್ಲಿ ಮೊಟ್ಟೆಗೆ ನೀರು ಹಾಕುವ ಹಿಂದಿನ ದಿನವೇ ಆರ್ಟೀಮಿಯಾ ನೀರಿಗೆ ಬೀಳಬೇಕು. ಒಡೆದು ಬಂದ ಆರ್ಟೀಮಿಯಾದ ಹೊಟ್ಟೆಯಲ್ಲಿನ ಆಹಾರ ಭಂಡಾರ ಕರಗುವ ಮುಂಚೆ, ತೊಳೆದು, ತುಸು ತುಸುವಾಗಿ ದಿನಕ್ಕೆರಡು ಮೂರು ಸಲ ಕೊಡಬೇಕು. ಸಿಹಿನೀರಿನಲ್ಲಿ ಅದು ಬಹಳ ಹೊತ್ತು ಬದುಕದು. ಮಿಕ್ಕಿದ್ದು ಕೊಳೆತು ನೀರು ಕೆಡಿಸುತ್ತದೆ.

ಊಟ ತಪ್ಪದಿದ್ದರೆ ನಾಲ್ಕರಿಂದ ಆರು ವಾರಕ್ಕೆ ಗಂಡು ಬಣ್ಣ ಕಟ್ಟುತ್ತದೆ. ಇದೇ ಕುಲದ ಫುರ್ಜೇರಿ ಇನ್ನೂ ಅವಸರದ್ದು: ಮೊಜಾಂಬಿಕ್‌ನ ಹೊಂಡಗಳಲ್ಲಿ ಹದಿನಾಲ್ಕೇ ದಿನಕ್ಕೆ ಪ್ರಾಯಕ್ಕೆ ಬರುವುದನ್ನು ವಿಜ್ಞಾನಿಗಳು 2018ರಲ್ಲಿ ವರದಿ ಮಾಡಿದರು.

ದೊಡ್ಡ ಮೀನಿಗೆ ಸೊಳ್ಳೆ ಮರಿ ಪ್ರಿಯವಾದರೂ ಡೆಂಗಿ ಕಾಡುವ ಊರುಗಳಲ್ಲಿ ಅದಕ್ಕಾಗಿ ನೀರು ತೆರೆದಿಡುವುದು ನೆರೆಹೊರೆಗೆ ಮಾಡುವ ಅನ್ಯಾಯ. ಫ್ರೀಜರಿನ ಬ್ಲಡ್‌ವರ್ಮ್ ಸಾಕು. ನೋಥೋಗಳಿಗೆ ಮೈಮೇಲೆ ಹೊಂಬಣ್ಣದ ಧೂಳು ಕೂತಂತೆ ಕಾಣುವ ವೆಲ್ವೆಟ್ ರೋಗ ಬೇಗ ತಗಲುತ್ತದೆ; ನಾಲ್ಕು ಲೀಟರಿಗೆ ಒಂದು ಟೀ ಚಮಚ ಉಪ್ಪು ಹಾಕಿಟ್ಟರೆ ಅದರ ಕಾಟ ಕಡಿಮೆ.

ಮರಿ ತೆಗೆದ ಮೇಲೆ ಪುಡಿಯನ್ನು ಎಸೆಯಬಾರದು. ಎಲ್ಲ ಮೊಟ್ಟೆಗಳೂ ಮೊದಲ ನೀರಿಗೇ ಒಡೆಯುವುದಿಲ್ಲ. ಒಂದು ಮಳೆ ಬಂದು ಕೈಕೊಟ್ಟರೂ ವಂಶ ಉಳಿಯಲೆಂದು ಕೆಲವು ಇನ್ನೂ ನಿದ್ರೆಯಲ್ಲಿರುತ್ತವೆ. ಮತ್ತೆ ಆರಿಸಿ, ಕೆಲವು ವಾರ ಬಿಟ್ಟು ನೆನೆಹಾಕಿದರೆ ಇನ್ನಷ್ಟು ಮರಿ ಸಿಗುತ್ತವೆ.

ಇಷ್ಟು ಕಾಯಲಾಗದವರು ಪಶ್ಚಿಮ ಘಟ್ಟದ ಹಳ್ಳಗಳ ನಮ್ಮದೇ ಕಿಲ್ಲಿ, ಅಪ್ಲೋಕೈಲಸ್ ಲಿನಿಯೇಟಸ್‌ನಿಂದ ಶುರುಮಾಡಬಹುದು. ಅದರ ಮೊಟ್ಟೆಗೆ ಒಣಗುವ ಗೊಡವೆಯಿಲ್ಲ. ಗಿಡಕ್ಕೋ ತೇಲಿಬಿಟ್ಟ ಉಲ್ಲನ್ ದಾರದ ಕುಚ್ಚಿಗೋ ಅಂಟಿಸಿದ ಮೊಟ್ಟೆ ಎರಡು ವಾರದಲ್ಲಿ ನೀರಿನಲ್ಲೇ ಒಡೆಯುತ್ತದೆ. ಟ್ಯಾಂಕಿಗೆ ಮುಚ್ಚಳ ಮಾತ್ರ ಬೇಕೇ ಬೇಕು, ಏಕೆಂದರೆ ಜಿಗಿಯುವುದರಲ್ಲಿ ಅದು ಗಟ್ಟಿಗ. ಬಾಯಿಗೆ ಸಿಕ್ಕ ತನ್ನ ಮರಿಗಳನ್ನೇ ನುಂಗುವುದರಿಂದ ಕುಚ್ಚನ್ನು ಆಗಾಗ ಬೇರೆ ಡಬ್ಬಕ್ಕೆ ವರ್ಗಾಯಿಸಬೇಕು.